ಮಗುವಿನ ಜ್ವರ ಟೈಫಾಯ್ಡ್ ಅನಿಸಿದರೆ ಸಿರಪ್ ಬಾಟ್ಲಿ ತೆರೆಯುವ ಮುಂಚೆ ರಕ್ತ ಕಲ್ಚರ್‌ಗೆ ಕೊಡಿ

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆಯಿಂದ ಜ್ವರದ ಮೂರನೇ ವಾರದಲ್ಲಿ ದೊಡ್ಡಾಸ್ಪತ್ರೆಗೆ ಬರುವ ಟೈಫಾಯ್ಡ್ ಮಕ್ಕಳ ಹಳೇ ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಕಥೆ ಹೆಚ್ಚುಕಮ್ಮಿ ಒಂದೇ. ಜ್ವರ ಬಂದ ಎರಡನೇ ದಿನ ಊರಿನ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರು) ಹತ್ತಿರ ಒಂದು ಸೂಜಿ. ಮೂರನೇ ದಿನ ಲ್ಯಾಬಿನಲ್ಲಿ ವಿಡಾಲ್ ಅನ್ನೋ ರಕ್ತ ಪರೀಕ್ಷೆ, "ಟೈಫಾಯ್ಡ್ ಪಾಯಿಂಟ್ ಬಂದಾವ" ಅನ್ನೋ ಮಾತು. ಐದು ದಿನ ಸೆಫಿಕ್ಸಿಮ್ ಅನ್ನೋ ಆ್ಯಂಟಿಬಯೋಟಿಕ್ ಸಿರಪ್. ನಿಲ್ಲಲಿಲ್ಲ ಅಂತ ಇನ್ನೊಂದು ಕಡೆ ಒಫ್ಲಾಕ್ಸಾಸಿನ್ ಸೇರಿಸಿದ ಔಷಧಿ. ಅದೂ ಆಗಲಿಲ್ಲ ಅಂತ ಮೂರು ದಿನ ಸೆಫ್‌ಟ್ರಯಾಕ್ಸೋನ್, ಜೊತೆಗೆ ಅಮಿಕಾಸಿನ್. ಜ್ವರ ಇಳಿಯಿತು, ಮನೆಗೆ ಕಳಿಸಿದರು. ಮತ್ತೆ ಜ್ವರ, ಈ ಸಲ ಹೊಟ್ಟೆಯೂ ಉಬ್ಬಿದೆ. ಚೀಟಿ ಇಷ್ಟುದ್ದ ಆಗಿದ್ದರೂ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ, ಒಮ್ಮೆಯೂ ಆಗಿರುವುದಿಲ್ಲ.

ಮನೆಯವರು ಹೇಳುವುದು "ಔಷಧಿಗೆ ಬಗ್ಗದ ಟೈಫಾಯ್ಡ್ ಅಂತ್ರೀ". ಇರಬಹುದು. ಆದರೆ ಔಷಧಿ ಅರ್ಧ ಡೋಸಿನಲ್ಲಿ ಹೋದರೂ ಜ್ವರ ಇಳಿಯುವುದಿಲ್ಲ. ಸರಿಯಾದ ಔಷಧಿ ಕೊಟ್ಟು ಮೂರನೇ ದಿನಕ್ಕೇ ಬದಲಿಸಿದರೂ ಇಳಿದಿರುವುದಿಲ್ಲ. ಅದು ಟೈಫಾಯ್ಡೇ ಅಲ್ಲದೆ ಮಲೇರಿಯಾ, ಡೆಂಗಿ, ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ಹುಳ ಕಚ್ಚಿ ಬರುವ ಜ್ವರ) ಆಗಿದ್ದರೂ ಅಷ್ಟೇ. ಇಷ್ಟರಲ್ಲಿ ಯಾವುದು ಅಂತ ಬಿಡಿಸಲು ನೆರವಾಗುವ ಮುಖ್ಯ ಪರೀಕ್ಷೆಯಾದ ಕಲ್ಚರನ್ನೇ ಕೈಬಿಟ್ಟಿರುತ್ತಾರೆ.

ಮೊದಲು ವಿಡಾಲ್ ಬಗ್ಗೆ. ಅದು 1896ರ ಪರೀಕ್ಷೆ. ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಅಳೆಯುತ್ತದೆ. ಪ್ರತಿಕಾಯ ಏಳುವುದೇ ಏಳರಿಂದ ಹತ್ತು ದಿನಕ್ಕೆ. ಹಾಗಾಗಿ ಮೂರನೇ ದಿನ ಬಂದ 1:80 ಅಥವಾ 1:160 ಅನ್ನೋ "ಪಾಯಿಂಟ್" ಹೋದ ವರ್ಷದ ಜ್ವರದ ಪಳೆಯುಳಿಕೆಯೂ ಆಗಿರಬಹುದು, ಮಲೇರಿಯಾದಿಂದ ಬಂದದ್ದೂ ಆಗಿರಬಹುದು. ನಿಜವಾದ ಟೈಫಾಯ್ಡ್ ಇದ್ದಾಗ ಮೊದಲ ವಾರ ನೆಗೆಟಿವ್ ಬರುವುದೂ ಉಂಟು. ಇನ್ನು ಗುಣವಾದ ಮೇಲೆ "ಪಾಯಿಂಟ್ ಕಮ್ಮಿ ಆಗ್ಯಾವೇನು" ಅಂತ ತಿಂಗಳು ತಿಂಗಳು ವಿಡಾಲ್ ಮಾಡಿಸುವುದು ಶುದ್ಧ ದುಡ್ಡು ದಂಡ. ಗುಣವಾದ ಮೇಲೂ ತಿಂಗಳುಗಟ್ಟಲೆ ಆ ಸಂಖ್ಯೆ ಹಾಗೇ ನಿಲ್ಲುತ್ತದೆ. ಅದನ್ನು ನೋಡಿ ಮತ್ತೊಂದು ಕೋರ್ಸ್ ಆ್ಯಂಟಿಬಯೋಟಿಕ್ ನುಂಗಿಸುವವರೂ ಇದ್ದಾರೆ.

ಕಲ್ಚರ್‌ಗೆ ಒಳ್ಳೆಯ ಸಮಯ ಮೊದಲ ವಾರ, ಮೊದಲ ಆ್ಯಂಟಿಬಯೋಟಿಕ್‌ಗಿಂತ ಮುಂಚೆ. ಜ್ವರ ಮೂರು ದಿನ ದಾಟಿ, ನೆಗಡಿ-ಕೆಮ್ಮು ಏನೂ ಇಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ, ನಾಲಿಗೆ ಮೇಲೆ ಬಿಳಿ ಪೊರೆ, ಹೊಟ್ಟೆನೋವು, ಊಟ ಬೇಡ ಅನ್ನುತ್ತಿದ್ದರೆ ಡಾಕ್ಟರಿಗೆ ನೇರವಾಗಿ ಕೇಳಿ: "ಔಷಧಿ ಶುರು ಮಾಡೋಕೆ ಮುಂಚೆ ಕಲ್ಚರ್‌ಗೆ ರಕ್ತ ತಗೋತೀರಾ?" ಮಲೇರಿಯಾ ಸ್ಮಿಯರ್, ಡೆಂಗಿ, ಸಿಬಿಸಿ (ರಕ್ತಕಣಗಳ ಎಣಿಕೆ) ಪರೀಕ್ಷೆಗಳೂ ಒಟ್ಟಿಗೇ ಆಗಲಿ. ರಾಯಚೂರಿನ ರಿಮ್ಸ್, ಜನ ಈಗಲೂ ವಿಮ್ಸ್ ಅನ್ನುವ ಬಳ್ಳಾರಿಯ ಮೆಡಿಕಲ್ ಕಾಲೇಜು, ಕೊಪ್ಪಳದ ಕಿಮ್ಸ್, ಮೂರೂ ಕಡೆ ಕಲ್ಚರ್ ನೋಡುವ ಮೈಕ್ರೋಬಯಾಲಜಿ ವಿಭಾಗ ಇದೆ.

ಕಲ್ಚರ್ ಕೆಡುವುದು ಹೆಚ್ಚಾಗಿ ರಕ್ತ ತೆಗೆಯುವಾಗಲೇ. ಮಗು ಅಳುತ್ತದೆ ಅಂತ ಅರ್ಧ ಮಿಲಿ ಎಳೆದು ಬಾಟ್ಲಿಗೆ ಹಾಕಿದರೆ ಏನೂ ಬೆಳೆಯುವುದಿಲ್ಲ. ಟೈಫಾಯ್ಡ್‌ನಲ್ಲಿ ರಕ್ತದೊಳಗೆ ರೋಗಾಣು ಇರುವುದೇ ತೀರಾ ಕಮ್ಮಿ. ಕೂಸಿಗೆ 1ರಿಂದ 3 ಮಿಲಿ, ಸ್ವಲ್ಪ ದೊಡ್ಡ ಮಕ್ಕಳಿಗೆ 2ರಿಂದ 5 ಮಿಲಿ ಬೇಕು, ಅದೂ ಮಕ್ಕಳ ಕಲ್ಚರ್ ಬಾಟ್ಲಿಯಲ್ಲಿ. ಚರ್ಮಕ್ಕೆ ಸ್ಪಿರಿಟ್, ಆಮೇಲೆ ಅಯೋಡಿನ್ ಹಚ್ಚಿ ಒಂದು ನಿಮಿಷ ಒಣಗಲು ಬಿಡಬೇಕು, ಒರೆಸಿದ ಕೂಡಲೇ ಚುಚ್ಚಬಾರದು. ತುಂಬಿದ ಬಾಟ್ಲಿಯನ್ನು ಫ್ರಿಜ್‌ನಲ್ಲಿ ಇಡಲೇಬಾರದು. ತಾಲೂಕು ಲ್ಯಾಬುಗಳಲ್ಲಿ ಉಳಿದ ಸ್ಯಾಂಪಲ್‌ಗಳ ಜೊತೆ ಇದನ್ನೂ ತಣ್ಣಗಿಟ್ಟು ಮರುದಿನ ಬಸ್ಸಿಗೆ ಹಾಕಿದರೆ ಅಷ್ಟು ಹೊತ್ತಿಗೆ ರೋಗಾಣು ಸೊರಗಿರುತ್ತದೆ. ಹೊರಗಿನ ಸಾಮಾನ್ಯ ಉಷ್ಣತೆಯಲ್ಲಿ, ಬಿಸಿಲಿಗೆ ತಾಗದಂತೆ, ಅವತ್ತೇ ಲ್ಯಾಬ್ ಸೇರಬೇಕು. ಈಗಾಗಲೇ ಎರಡು ಡೋಸ್ ಔಷಧಿ ಹೋಗಿದ್ದರೆ ಮುಚ್ಚಿಡಬೇಡಿ, ಯಾವುದು ಅಂತ ಲ್ಯಾಬಿನ ಚೀಟಿ ಮೇಲೆ ಬರೆಸಿ, ಆದರೂ ಕಲ್ಚರ್ ಮಾಡಿಸಿ. ಎಲ್ಲ ಸರಿಯಾಗಿದ್ದರೂ ನಿಜವಾದ ಟೈಫಾಯ್ಡ್ ಮಕ್ಕಳಲ್ಲಿ ಅರ್ಧದಷ್ಟು ಜನರಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ನೆಗೆಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಇಲ್ಲ ಅಂತಲ್ಲ.

ಡೋಸಿನ ವಿಷಯಕ್ಕೆ ಬರೋಣ, ಅತಿ ಹೆಚ್ಚು ಎಡವಟ್ಟು ಇಲ್ಲೇ. ಗಂಟಲು, ಕಿವಿ, ಉರಿಮೂತ್ರಕ್ಕೆ ಸೆಫಿಕ್ಸಿಮ್ ಕೊಡುವುದು ದಿನಕ್ಕೆ ಕೆಜಿಗೆ 8 ಮಿ.ಗ್ರಾಂ ಲೆಕ್ಕದಲ್ಲಿ. ಟೈಫಾಯ್ಡ್‌ಗೆ ಬೇಕಾದ್ದು 15ರಿಂದ 20 ಮಿ.ಗ್ರಾಂ, ಹದಿನಾಲ್ಕು ದಿನ. 15 ಕೆಜಿ ಮಗುವಿಗೆ 20ರ ಲೆಕ್ಕ ಹಿಡಿದರೆ ದಿನಕ್ಕೆ 300 ಮಿ.ಗ್ರಾಂ, ಅಂದರೆ ಎರಡು ಹೊತ್ತು 150. 5 ಮಿಲಿಯಲ್ಲಿ 100 ಮಿ.ಗ್ರಾಂ ಇರುವ ಸಿರಪ್ ಆದರೆ ಹೊತ್ತಿಗೆ 7.5 ಮಿಲಿ. 30 ಮಿಲಿ ಬಾಟ್ಲಿ ಎರಡೇ ದಿನಕ್ಕೆ ಖಾಲಿ, ಪೂರ್ತಿ ಕೋರ್ಸಿಗೆ ಏಳು ಬಾಟ್ಲಿ. 5 ಮಿಲಿಯಲ್ಲಿ 50 ಮಿ.ಗ್ರಾಂ ಇರುವುದಾದರೆ ದಿನಕ್ಕೊಂದು ಬಾಟ್ಲಿ. ಈಗ ಮನೆಯಲ್ಲಿರುವ ಬಾಟ್ಲಿ ನೋಡಿ. 100ರ ಒಂದೇ ಬಾಟ್ಲಿ ಅದೇ ತೂಕದ ಮಗುವಿಗೆ ಐದು ದಿನ ಬಂತು ಅಂದರೆ ಹೋಗಿದ್ದು ಗಂಟಲುನೋವಿನ ಡೋಸ್. ಅಜಿತ್ರೋಮೈಸಿನ್‌ದೂ ಇದೇ ಪಾಡು: ಟೈಫಾಯ್ಡ್‌ಗೆ ದಿನಕ್ಕೆ ಕೆಜಿಗೆ 20 ಮಿ.ಗ್ರಾಂ ತನಕ, ಏಳು ದಿನ. ಅಂಗಡಿಯವರು ಕೈಗೆ ಕೊಡುವುದು ಮೂರು ದಿನದ್ದು. ಸೆಫ್‌ಟ್ರಯಾಕ್ಸೋನ್ ಸೂಜಿ ದಿನಕ್ಕೆ ಕೆಜಿಗೆ 75ರಿಂದ 100 ಮಿ.ಗ್ರಾಂ, ಹತ್ತರಿಂದ ಹದಿನಾಲ್ಕು ದಿನ. ಮೂರು ಸೂಜಿ ಹಾಕಿ ಬಿಡಿಸಿದರೆ ಕಾಯಿಲೆ ಮರುಕಳಿಸುವುದು ಆಶ್ಚರ್ಯವಲ್ಲ. ಈ ಲೆಕ್ಕ ಮನೆಯಲ್ಲೇ ಔಷಧಿ ಶುರು ಮಾಡುವುದಕ್ಕಲ್ಲ, ಮಗುವಿನ ತೂಕ ಹಾಕಿಸಿ, ಚೀಟಿ ಮುಂದಿಟ್ಟು ಡಾಕ್ಟರನ್ನು ಕೇಳುವುದಕ್ಕೆ.

ಪುಡಿ ಸಿರಪ್ ಕಲಸುವಾಗಲೂ ಡೋಸ್ ಕೆಡುತ್ತದೆ. ಕಾಯಿಸಿ ಆರಿಸಿದ ನೀರನ್ನು ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ, ಚೆನ್ನಾಗಿ ಅಲ್ಲಾಡಿಸಿ, ನೊರೆ ಇಳಿದ ಮೇಲೆ ಗೆರೆಗೆ ಸರಿಯಾಗಿ ತುಂಬಿ. ಬಾಟ್ಲಿ ಬೇಗ ಮುಗೀತು ಅಂತ ಮತ್ತೆ ನೀರು ಸೇರಿಸಿ ಉದ್ದ ಮಾಡಬೇಡಿ. ಅಡುಗೆಮನೆ ಚಮಚ ಬೇಡ, ಮಿಲಿ ಗೆರೆ ಇರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ.

ಇನ್ನು ಕಾಯುವ ವಿಷಯ. ಸರಿಯಾದ ಔಷಧಿ ಸರಿಯಾದ ಡೋಸಿನಲ್ಲಿ ಹೋದರೂ ಜ್ವರ ಇಳಿಯಲು ನಾಲ್ಕರಿಂದ ಏಳು ದಿನ ಬೇಕು. ಮೂರನೇ ದಿನ 102 ಇದ್ದದ್ದು 101ಕ್ಕೆ ಬಂದು ಮಗು ಎರಡು ತುತ್ತು ತಿಂದರೆ ಔಷಧಿ ಹಿಡಿಯುತ್ತಿದೆ ಅಂತ ಅರ್ಥ. ಆಗ ಆಸ್ಪತ್ರೆ ಬದಲಿಸುವುದೇ ದೊಡ್ಡ ತಪ್ಪು. ಹೊಸ ಡಾಕ್ಟರು ಹೊಸ ಔಷಧಿ ಬರೆಯುತ್ತಾರೆ, ಅದಕ್ಕೆ ಸಿಗುವ ಕೀರ್ತಿ ನಿಜಕ್ಕೂ ಹಳೇ ಔಷಧಿಯದ್ದು!

ನಿಜಕ್ಕೂ ಔಷಧಿಗೆ ಬಗ್ಗದ ಟೈಫಾಯ್ಡ್ ಇಲ್ಲವೇ? ಇದೆ. 1972ರಲ್ಲೇ ಕೇರಳದ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ಹರಡಿತ್ತು. 1990ರ ಹೊತ್ತಿಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಕೂಡ ಸೋತವು. ಆಮೇಲೆ ಸಿಪ್ರೊಫ್ಲಾಕ್ಸಾಸಿನ್ ಬಂತು. ಇವತ್ತು ನಮ್ಮ ದೇಶದ ಹೆಚ್ಚಿನ ಟೈಫಾಯ್ಡ್ ರೋಗಾಣುಗಳು ಅದಕ್ಕೂ, ಅದರ ದಾಯಾದಿ ಒಫ್ಲಾಕ್ಸಾಸಿನ್‌ಗೂ ಸರಿಯಾಗಿ ಮಣಿಯುವುದಿಲ್ಲ. 2016ರ ಕೊನೆಗೆ ಹೈದರಾಬಾದಿನಲ್ಲಿ ಸೆಫ್‌ಟ್ರಯಾಕ್ಸೋನ್‌ಗೂ ಬಗ್ಗದ ತಳಿ ಕಾಣಿಸಿತು. ರಾಯಚೂರಿನವರು ಗಾಬರಿಯಾಗಬೇಡಿ, ಅದು ನಾವು ರೈಲು ಹತ್ತಿ ದವಾಖಾನೆಗೆ ಹೋಗುವ ಹೈದರಾಬಾದ್ ಅಲ್ಲ, ಪಾಕಿಸ್ತಾನದ ಸಿಂಧ್ ಪ್ರಾಂತ್ಯದ್ದು. ಅಂಥ ತಳಿಗೆ ಉಳಿದದ್ದು ಅಜಿತ್ರೋಮೈಸಿನ್ ಮತ್ತು ಮೆರೋಪೆನೆಮ್ ಜಾತಿಯ ದುಬಾರಿ ಸೂಜಿಗಳು. ತಮಾಷೆ ಅಂದರೆ, ಬಳಕೆ ತಪ್ಪಿದ ಹಳೇ ಔಷಧಿಗಳಿಗೆ ನಮ್ಮಲ್ಲಿ ಅನೇಕ ರೋಗಾಣುಗಳು ಮತ್ತೆ ಬಗ್ಗುತ್ತಿವೆ. ಕಲ್ಚರ್ ರಿಪೋರ್ಟ್ ಕೈಯಲ್ಲಿದ್ದರೆ ಮಾತ್ರ ಈ ದಾರಿ ಡಾಕ್ಟರಿಗೆ ತೆರೆಯುತ್ತದೆ.

ರಿಪೋರ್ಟ್ ಬರಲು ಮೂರರಿಂದ ಐದು ದಿನ. ಅದರಲ್ಲಿ ಔಷಧಿ ಹೆಸರಿನ ಮುಂದೆ ಎಸ್ ಇದ್ದರೆ ಬಗ್ಗುತ್ತದೆ, ಆರ್ ಇದ್ದರೆ ಇಲ್ಲ, ಐ ಅಂದರೆ ನಡುವೆ. ಪೆಫ್ಲಾಕ್ಸಾಸಿನ್ ಅಥವಾ ನಾಲಿಡಿಕ್ಸಿಕ್ ಆಸಿಡ್ ಮುಂದೆ ಆರ್ ಕಂಡರೆ ಸಿಪ್ರೊ, ಒಫ್ಲಾಕ್ಸಾಸಿನ್ ಎರಡನ್ನೂ ಮರೆತುಬಿಡಿ. ಅಮಿಕಾಸಿನ್, ಜೆಂಟಾಮೈಸಿನ್ ಮುಂದೆ ಎಸ್ ಇದ್ದರೆ ಮೋಸಹೋಗಬೇಡಿ. ಟೈಫಾಯ್ಡ್ ರೋಗಾಣು ನಮ್ಮ ಜೀವಕೋಶಗಳ ಒಳಗೆ ಅಡಗುತ್ತದೆ, ಆ ಸೂಜಿಗಳು ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಕೊಲ್ಲುವ ಔಷಧಿ ಮಗುವಿನ ಮೈಯಲ್ಲಿ ಕೆಲಸ ಮಾಡುವುದಿಲ್ಲ.

ಜ್ವರ ಇಳಿಸಲು ಊರಲ್ಲಿ ಕೊಡುವ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಸೂಜಿ ಬೇಡವೇ ಬೇಡ. ಎರಡನೇ ವಾರದ ಕೊನೆ, ಮೂರನೇ ವಾರದಲ್ಲಿ ಸಣ್ಣ ಕರುಳಿನ ತುದಿಯ ಹುಣ್ಣು ತೂತಾಗಬಹುದು, ರಕ್ತ ಒಸರಬಹುದು. ಸ್ಟೀರಾಯ್ಡ್ ಆ ನೋವನ್ನು ಮುಚ್ಚಿಹಾಕುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯಾದರೆ, ಡಾಂಬರಿನ ಬಣ್ಣದ ಮಲ ಹೋದರೆ, ಜ್ವರ ಏಕಾಏಕಿ ಬಿದ್ದು ಕೈಕಾಲು ತಣ್ಣಗಾಗಿ ನಾಡಿ ಓಡಿದರೆ, ಮಗು ಮಂಕಾಗಿ ಬಡಬಡಿಸಿದರೆ ಬಾಯಿಗೆ ಏನೂ ಕೊಡದೆ 108ಕ್ಕೆ ಫೋನ್ ಮಾಡಿ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ನಡುವೆ ಸಲೈನ್ ಏರಿಸಿಕೊಳ್ಳಲು ನಿಲ್ಲಬೇಡಿ.

ಉಳಿದಂತೆ ಮಗುವಿಗೆ ಊಟ ನಿಲ್ಲಿಸಬೇಡಿ: ಮೆತ್ತನೆ ಅನ್ನ, ಗಂಜಿ, ಮೊಸರು, ಬಾಳೆಹಣ್ಣು, ಮೊಟ್ಟೆ, ಸ್ವಲ್ಪ ಸ್ವಲ್ಪವಾಗಿ. ಗುಣವಾದ ಎರಡು-ಮೂರು ವಾರಕ್ಕೆ ಜ್ವರ ಮರಳಿದರೆ ಹಳೇ ಬಾಟ್ಲಿ ತೆಗೆಯದೆ ಮತ್ತೆ ಕಲ್ಚರ್.

ನೀರು ಮಾತ್ರ ಕಾಲುವೆ ಬಂದಾಗಿ ಕೆರೆ ತಳ ಕಾಣುವ ಬೇಸಿಗೆಯಲ್ಲೂ, ಚರಂಡಿ ಪಕ್ಕದ ಪೈಪು ಒಡೆದ ಮಳೆಗಾಲದಲ್ಲೂ ಕಾಯಿಸಿಯೇ ಕುಡಿಸಿ, ಕುದಿ ಬಂದು ಒಂದು ನಿಮಿಷ. ದುಡ್ಡು ಹಾಕಿ ತುಂಬಿಸುವ ಶುದ್ಧ ನೀರಿನ ಘಟಕದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ತೊಳೆಯದ ಕ್ಯಾನಿಗೆ ಕೈ ಅದ್ದಿದ ಲೋಟ ಇಳಿದರೆ ಮತ್ತೆ ಕೆಟ್ಟಂತೆಯೇ. ಬಂಡಿಯ ಐಸ್, ಪಾನಿಪುರಿ ನೀರು ಬೇಡ, ಎಣ್ಣೆಯಿಂದ ಬಿಸಿಬಿಸಿ ತೆಗೆದ ಮಿರ್ಚಿಗೆ ಅಂಥ ಭಯವಿಲ್ಲ, ಜೊತೆಗೆ ಬರುವ ಹಸಿ ಉಳ್ಳಾಗಡ್ಡಿಗೆ ಇದೆ.

ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಆರು ತಿಂಗಳು ತುಂಬಿದ ಮಗುವಿಗೆ ಹಾಕಬಹುದು, ಅರ್ಧ ಮಿಲಿ, ಒಂದೇ ಸೂಜಿ. ಔಷಧಿಗೆ ಬಗ್ಗದ ತಳಿಯನ್ನೂ ಅದು ತಡೆಯುತ್ತದೆ. ಅಂಗನವಾಡಿಯಲ್ಲಿ ಹಾಕಿದ ಸೂಜಿಗಳಲ್ಲೇ ಇದೂ ಬಂದಿದೆ ಅಂದುಕೊಳ್ಳದೆ ತಾಯಿ ಕಾರ್ಡಿನಲ್ಲಿ ಹೆಸರು ಹುಡುಕಿ. ಈಗಷ್ಟೇ ಟೈಫಾಯ್ಡ್‌ನಿಂದ ಎದ್ದ ಮಗುವಾದರೆ ನಾಲ್ಕರಿಂದ ಆರು ವಾರ ಬಿಟ್ಟು ಹಾಕಿಸಿ.