ಏಡಿಯ ಕಾಲು ಕತ್ತರಿಸಿದ ಸ್ಟುಡಿಯೋ

ಜಪಾನಿಗೆ ಹೋದವರು ದೇವಸ್ಥಾನದ ಫೋಟೋ ತರುತ್ತಾರೆ. ನಾನು ತಂದಿದ್ದು ಬರೀ ಅಂಗಡಿಗಳದ್ದು. ಒಸಾಕಾದ ದೋತೊಂಬೊರಿಯಲ್ಲಿ ಹೋಟೆಲ್ ಬಾಗಿಲ ಮೇಲೆ ಕಾಲು ಆಡಿಸುತ್ತಾ ಕೂತಿರುವ ದೈತ್ಯ ಏಡಿಯ ಬೋರ್ಡು, ಟೋಕಿಯೋದ ಕಪ್ಪಾಬಾಶಿಯಲ್ಲಿ ಪಾತ್ರೆ ಅಂಗಡಿಯ ಕಟ್ಟಡದ ಮೇಲೆ ಬಿಳಿ ಟೋಪಿ ಹಾಕಿದ ಅಡುಗೆಭಟ್ಟನ ದೊಡ್ಡ ತಲೆ, ಆಮೇಲೆ ಗಾಜಿನ ಹಿಂದೆ ಇಟ್ಟಿರುವ ಪ್ಲಾಸ್ಟಿಕ್ ನೂಡಲ್ಸ್, ಅದನ್ನು ಎತ್ತಿ ಹಿಡಿದ ಕಡ್ಡಿಗಳು ಗಾಳಿಯಲ್ಲೇ ನಿಂತಿರುತ್ತವೆ, ಹಿಡಿದ ಕೈ ಮಾತ್ರ ಇಲ್ಲ!

ಇಂಥ 60 ಫೋಟೋ ಆರಿಸಿ ಕಾರವಾರದ ಒಂದು ಸ್ಟುಡಿಯೋಗೆ ಕೊಟ್ಟೆ. 4x6 ಸೈಜು, ಒಂದಕ್ಕೆ 15 ರೂಪಾಯಿ. ಸಂಜೆಗೇ ರೆಡಿ. ಮನೆಗೆ ಬಂದು ಕವರ್ ಬಿಚ್ಚಿದರೆ ಅಡುಗೆಭಟ್ಟನ ಟೋಪಿ ಅರ್ಧ ಮಾಯ, ಏಡಿಗೆ ಎರಡೂ ಕಡೆ ಕಾಲಿಲ್ಲ.

ಮರುದಿನ ಸ್ಟುಡಿಯೋದವನ ಹತ್ತಿರ ತಗೊಂಡು ಹೋದೆ. "ಮನುಷ್ಯರದ್ದು ಯಾರದ್ದೂ ತಲೆ ಹೋಗಿಲ್ಲವಲ್ಲ ಸರ್, ಬೋರ್ಡು ತಾನೆ?" ಅಂದ. ಅಯ್ಯೋ ಮಾರಾಯಾ, ನಾನು ತೆಗೆದಿದ್ದೇ ಬೋರ್ಡು!

ತಪ್ಪು ಪೂರ್ತಿ ಅವನದ್ದಲ್ಲ. ಫೋನ್ ಫೋಟೋ ಸಾಮಾನ್ಯವಾಗಿ 4:3 ಅಳತೆಯದ್ದು, 4x6 ಕಾಗದ 3:2. ಕಾಗದ ತುಂಬಿಸಲು ಹೋದರೆ ಒಂಬತ್ತರಲ್ಲಿ ಒಂದು ಪಾಲು ಹೋಗುತ್ತದೆ, ಅಡ್ಡ ಫೋಟೋದಲ್ಲಿ ಮೇಲೆ ಕೆಳಗೆ, ಉದ್ದದ್ದರಲ್ಲಿ ಅಕ್ಕಪಕ್ಕ. ಜನರ ಫೋಟೋದಲ್ಲಿ ಇದು ಗೊತ್ತೇ ಆಗಲ್ಲ, ಸುಮ್ನೆ ಒಂಚೂರು ಆಕಾಶ ಹೋಗುತ್ತೆ ಅಷ್ಟೇ. ಆದರೆ ಕೊಡುವ ಮುಂಚೆ ಒಂದು ಮಾತು ಹೇಳಬೇಕಿತ್ತು ಅಲ್ವಾ? ರಾತ್ರಿ ತೆಗೆದವು ಇನ್ನೂ ಕೆಟ್ಟದಾಗಿವೆ. ಮೆಷಿನ್ ತಾನಾಗಿ ಬೆಳಕು ಜಾಸ್ತಿ ಮಾಡಿ, ಕಪ್ಪು ಆಕಾಶ ಬೂದಿ ಬಣ್ಣ ಆಗಿದೆ, ನಿಯಾನ್ ಕೆಂಪು ತೊಳೆದ ಬಟ್ಟೆ ಹಾಗೆ.

ಆದರೂ ಮನುಷ್ಯ ಒಳ್ಳೆಯವನು. ತಕರಾರಿಲ್ಲದೆ 22 ಫೋಟೋ ಮತ್ತೆ ಹಾಕಿಕೊಟ್ಟ, ಈ ಸಲ ಬಿಳಿ ಅಂಚು ಬಿಟ್ಟು, ಆಟೋ ಕರೆಕ್ಷನ್ ಆಫ್ ಮಾಡಿ. ದುಡ್ಡು ಕೇಳಲಿಲ್ಲ. ಏಡಿ ಫೋಟೋ ಮಾತ್ರ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. "ಇಷ್ಟು ದೊಡ್ಡ ಕುರ್ಲಿ ನಮ್ಮ ಮೀನು ಮಾರ್ಕೆಟ್‌ಗೆ ಬಂದರೆ ಚೌಕಾಸಿಗೇ ಅರ್ಧ ದಿನ ಬೇಕು ಸರ್."

ಐದರಲ್ಲಿ ಮೂರು ಸ್ಟಾರ್. ಹೋಗುವವರು 'ಬಿಳಿ ಅಂಚು ಬಿಡಿ, ಬಣ್ಣ ಮುಟ್ಟಬೇಡಿ' ಅಂತ ಮೊದಲೇ ಹೇಳಿ. ಮ್ಯಾಟ್ ಪೇಪರೇ ಕೇಳಿ, ಹೊಳೆಯುವ ಪೇಪರ್ ನಮ್ಮ ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನನ್ನ ಹಳೇ ಆಲ್ಬಮ್ ಹಾಗೇ ಹಾಳಾಗಿದ್ದು.