ಬ್ರದರ್ ಎಂಎಫ್‌ಸಿ ಪಿಸಿ-ಫ್ಯಾಕ್ಸ್: ದಾವಣಗೆರೆಯ ಫೈಬರ್ ಲೈನಿಗೆ ಹೊಂದುತ್ತದೆಯೇ?

ಎಂಎಫ್‌ಸಿ ಎಂದರೆ ಪ್ರಿಂಟ್, ಸ್ಕ್ಯಾನ್ ಜೊತೆಗೆ ಫ್ಯಾಕ್ಸೂ ಇರುವ ಯಂತ್ರ, ಪಿಸಿ-ಫ್ಯಾಕ್ಸ್ ಎಂದರೆ ಕಂಪ್ಯೂಟರಿನಿಂದಲೇ ಅದರ ಮೂಲಕ ಫ್ಯಾಕ್ಸ್ ಕಳಿಸುವುದು. ಹೊಂದುತ್ತದೆ, ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಅಲ್ಲ. ಪರದೆಯ ಮೇಲೆ ‘ಕಾಮ್. ಎರರ್’ (ಸಂಪರ್ಕ ದೋಷ) ಕಂಡ ಕೂಡಲೇ ಡ್ರೈವರ್ ಕಿತ್ತು ಮತ್ತೆ ಹಾಕುವವರೇ ಜಾಸ್ತಿ. ಅದು ದಂಡದ ಕೆಲಸ. ಪಿಸಿ-ಫ್ಯಾಕ್ಸ್ ಡ್ರೈವರ್ ಮಾಡುವುದು ಪುಟವನ್ನು ಕಪ್ಪು-ಬಿಳಿ ಚಿತ್ರವಾಗಿಸಿ ಯಂತ್ರಕ್ಕೆ ದಾಟಿಸುವುದಷ್ಟೇ. ನಂಬರ್ ಹಚ್ಚುವುದು, ಆಚೆಯ ಯಂತ್ರದೊಂದಿಗೆ ವೇಗ ಹೊಂದಿಸಿಕೊಳ್ಳುವುದು ಎಲ್ಲವೂ ಯಂತ್ರದೊಳಗಿನ ಮೋಡೆಮ್ಮಿನದು.

ಹಾಗಾಗಿ ಮೊದಲು ಅದೇ ಹಾಳೆಯನ್ನು ಫೀಡರಿಗೆ ಇಟ್ಟು, ಯಂತ್ರದ ಕೀಲಿಗಳಿಂದಲೇ ಅದೇ ನಂಬರಿಗೆ ಕಳಿಸಿ. ಹೋಯಿತು ಎಂದರೆ ತೊಂದರೆ ಕಂಪ್ಯೂಟರಿನ ಕಡೆ. ರೂಟರ್ ಆಫ್ ಆಗಿ ಆನ್ ಆದಾಗ ಯಂತ್ರದ ಐಪಿ ವಿಳಾಸ ಬದಲಾಗಿರಬಹುದು. ರೂಟರಿನಲ್ಲಿ ಆ ವಿಳಾಸವನ್ನು ಕಾಯಂ ಮಾಡಿ. ಪಿಸಿ-ಫ್ಯಾಕ್ಸ್ ಸೆಟಪ್‌ನಲ್ಲಿ ‘ಔಟ್‌ಸೈಡ್ ಲೈನ್ ಆಕ್ಸೆಸ್’ (ಹೊರಗಿನ ಲೈನ್ ಹಿಡಿಯಲು ನಂಬರಿಗೆ ಮೊದಲು ಒತ್ತುವ ಅಂಕಿ) ಜಾಗವನ್ನೂ ನೋಡಿ. ಇಂಟರ್‌ಕಾಮ್ ಇಲ್ಲದ ಕಚೇರಿಯಲ್ಲಿ ಅಲ್ಲಿ 0 ಉಳಿದಿದ್ದರೆ, ಚಿತ್ರದುರ್ಗದ ಎಸ್‌ಟಿಡಿ ಕೋಡ್ 08194ಕ್ಕೆ ಮೊದಲು ಇನ್ನೊಂದು ಸೊನ್ನೆ ಸೇರಿ ಕರೆ ದಾರಿ ತಪ್ಪುತ್ತದೆ.

ಯಂತ್ರದಿಂದಲೂ ಹೋಗದಿದ್ದರೆ ಲೈನನ್ನೇ ಹಿಡಿಯಬೇಕು. ವೈರ್ ‘ಲೈನ್’ ಜಾಕಿನಲ್ಲಿರಲಿ, ಬೇರೆ ಫೋನ್ ಜೋಡಿಸುವ ‘ಎಕ್ಸ್‌ಟ್’ನಲ್ಲಲ್ಲ. ತಾಮ್ರದ ತಂತಿ ಹೋಗಿ ಫೈಬರ್ ಬಂದಲ್ಲಿ ಫೋನಿನ ದನಿ ಇಂಟರ್ನೆಟ್ ಪೊಟ್ಟಣಗಳಾಗಿ ಸಾಗುತ್ತದೆ. ಒಂದೆರಡು ಪೊಟ್ಟಣ ಕಳೆದರೆ ನಮ್ಮ ಕಿವಿಗೆ ಗೊತ್ತೇ ಆಗದು, ಮೋಡೆಮ್ ಮಾತ್ರ ತತ್ತರಿಸುತ್ತದೆ. ತಪ್ಪು ತಿದ್ದುವ ಇಸಿಎಂ ಹಾಳಾದ ತುಣುಕನ್ನೇ ಮತ್ತೆ ಮತ್ತೆ ಕೇಳಿ ಕೇಳಿ ಕೊನೆಗೆ ಕರೆಯೇ ಕಡಿದುಬೀಳುತ್ತದೆ.

ಈ ಯಂತ್ರವನ್ನು ನಾವು ಮೆಚ್ಚುವುದು ಇಲ್ಲಿಯೇ. ಮೆನುವಿನ ‘ಕಾಂಪ್ಯಾಟಿಬಿಲಿಟಿ’ಯಲ್ಲಿ ‘ಬೇಸಿಕ್ (ವಿಒಐಪಿ)’, ಅಂದರೆ ಇಂಟರ್ನೆಟ್ ಮೂಲಕ ಸಾಗುವ ಫೋನ್ ಲೈನಿನ ಆಯ್ಕೆ, ಆರಿಸಿದರೆ ಸಾಕು, ವೇಗ ಸೆಕೆಂಡಿಗೆ 9600 ಬಿಟ್‌ಗೆ ಇಳಿದು ಇಸಿಎಂ ತಾನೇ ಆಫ್ ಆಗುತ್ತದೆ. ಪುಟಕ್ಕೆ ಕೆಲವು ಸೆಕೆಂಡ್ ಹೆಚ್ಚು ಹಿಡಿದರೂ ತಲುಪುತ್ತದೆ. ಒಂದು ಎಚ್ಚರ: ಇಸಿಎಂ ಇಲ್ಲದಾಗ ಯಾವುದಾದರೂ ಒಂದು ಗೆರೆ ಮಸುಕಾಗಿ ಇಳಿಯಬಹುದು. ಬಿಲ್ಲಿನ ಮೊತ್ತ, ಔಷಧದ ಪ್ರಮಾಣ ಇದ್ದ ಹಾಳೆಯಾದರೆ ಫೋನ್ ಮಾಡಿ ಓದಿಸಿಕೊಳ್ಳಲೇಬೇಕು. ಕನ್ನಡದ ಹಾಳೆಗೆ ಸ್ಪಷ್ಟತೆಯನ್ನು ‘ಫೈನ್’ಗೆ ಇಡಿ. ‘ಸ್ಟ್ಯಾಂಡರ್ಡ್’ನಲ್ಲಿ ಉದ್ದಕ್ಕೆ ಇಂಚಿಗೆ ಸುಮಾರು 98 ಗೆರೆ ಮಾತ್ರ, ಸಣ್ಣ ಅಕ್ಷರದ ಒತ್ತುಗಳು ಕಲಸಿಹೋಗುತ್ತವೆ, ‘ಫೈನ್’ನಲ್ಲಿ ಅದರ ಎರಡರಷ್ಟು.

ನಮ್ಮ ದೊಡ್ಡ ತಕರಾರು ಬೇರೆ. ಹಾಳೆ ಯಂತ್ರಕ್ಕೆ ಸೇರಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಕೆಲಸ ಮುಗಿಯಿತು. ಆಚೆಯ ಯಂತ್ರಕ್ಕೆ ಮುಟ್ಟಿತೋ ಇಲ್ಲವೋ ಅದು ಹೇಳುವುದಿಲ್ಲ. ಯಂತ್ರದಲ್ಲಿ ‘ಎಕ್ಸ್‌ಮಿಟ್ ರಿಪೋರ್ಟ್’ (ಕಳಿಸಿದ್ದರ ವರದಿ) ಅನ್ನು ‘ಆನ್+ಇಮೇಜ್’ಗೆ ಹಾಕಿಟ್ಟರೆ ಪ್ರತಿ ಸಲ ರಸೀದಿ ಅಚ್ಚಾಗಿ ಬರುತ್ತದೆ. ‘ನೋ ರೆಸ್ಪಾನ್ಸ್/ಬಿಜಿ’ ಎಂದರೆ ಆಚೆಯವರು ಎತ್ತಿಲ್ಲ ಅಥವಾ ಅವರ ಲೈನ್ ಬಿಜಿ, ‘ಡಿಸ್ಕನೆಕ್ಟೆಡ್’ ಎಂದರೆ ಅವರೇ ಕಡಿದರು. ಇವೆರಡಕ್ಕೂ ನಿಮ್ಮ ಸೆಟ್ಟಿಂಗ್ ಮುಟ್ಟಬೇಡಿ.

ಕರೆಂಟ್ ಹೋದಾಗ ಫೈಬರ್ ಪೆಟ್ಟಿಗೆ ಆರಿದರೆ ಫೋನ್ ಲೈನೂ ಸಾಯುತ್ತದೆ, ಅದಕ್ಕೊಂದು ಚಿಕ್ಕ ಯುಪಿಎಸ್ ಇರಲಿ. ಕೊಳ್ಳುವಾಗ ಹೆಸರಲ್ಲಿ ಎಂಎಫ್‌ಸಿ ಇದೆಯೇ ನೋಡಿ. ನೋಡಲು ಹಾಗೇ ಇರುವ ಡಿಸಿಪಿ ಯಂತ್ರದಲ್ಲಿ ಫ್ಯಾಕ್ಸೇ ಇಲ್ಲ.