ಕಿಡಿ ಇದೆ, ಆದರೆ ಸಾಲುತ್ತದೆಯೇ? ಹಳೇ ಔಟ್‌ಬೋರ್ಡ್ ಎಂಜಿನ್‌ಗೆ ನಾನು ಮಾಡಿ ನೋಡಿದ ಪರೀಕ್ಷೆಗಳು

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲೇ. ಮೋಟಾರು ಕಟ್ಟಿದವುಗಳಲ್ಲಿ 10 ಎಚ್.ಪಿ. ಮೀರದ ನಾಡದೋಣಿಗಳಿಗಷ್ಟೇ ಆಗ ಕಡಲು. ನಮ್ಮ ಪಾಲಿಗೆ ವರ್ಷದ ದುಡಿಮೆಯೇ ಆ ಎರಡು ತಿಂಗಳು. ಸರಿಯಾಗಿ ಅದೇ ಹೊತ್ತಿಗೆ ದೋಣಿಯ ಹಿಂಬದಿಗೆ ಕಟ್ಟುವ ನಮ್ಮ 9.9 ಎಚ್.ಪಿ.ಯ ಎರಡು ಸಿಲಿಂಡರಿನ ಹಳೇ ಎಂಜಿನ್, ಹೊರಟು ಇಪ್ಪತ್ತು ನಿಮಿಷಕ್ಕೆ ನಿಲ್ಲಲು ಶುರು ಮಾಡಿತು. ತಣ್ಣಗಾದ ಮೇಲೆ ಒಂದೇ ಎಳೆತಕ್ಕೆ ಸ್ಟಾರ್ಟ್. ಮಳೆಗಾಲದಲ್ಲಿ ಗಂಗೊಳ್ಳಿ ಅಳಿವೆ ಬಾಯಲ್ಲಿ (ನದಿ ಕಡಲು ಸೇರುವ ಜಾಗದಲ್ಲಿ) ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಒಂದೇ ತೆರೆ ಸಾಕು. ಆ ಮಳೆಗಾಲ ನಾನು ಪ್ಲಗ್ಗಿಗೆ ಕಿಡಿ ಕೊಡುವ ಕರೆಂಟು ಎಲ್ಲಿ ಸೋಲುತ್ತಿದೆಯೆಂದು ಹುಡುಕುವ ಎಲ್ಲ ದಾರಿಗಳನ್ನೂ ಒಂದೇ ಎಂಜಿನ್ ಮೇಲೆ ಮಾಡಿ ನೋಡಿದೆ.

ತೊಂದರೆ ಎಣ್ಣೆಯದ್ದೋ ಕರೆಂಟಿನದ್ದೋ ಎಂದು ತಿಳಿಯಲು ಎಂಜಿನ್ ನಿಲ್ಲುವ ರೀತಿ ಕೇಳಿಸಿಕೊಳ್ಳಬೇಕು. ಎಣ್ಣೆ ಸಾಲದಿದ್ದರೆ ಕೆಮ್ಮಿ, ಸೊರಗಿ ನಿಲ್ಲುತ್ತದೆ. ಕರೆಂಟು ಹೋದರೆ ಸ್ವಿಚ್ ಆರಿಸಿದ ಹಾಗೆ ಗಪ್ಪೆಂದು ನಿಲ್ಲುತ್ತದೆ. ನಮ್ಮದು ಗಪ್ಪೆನ್ನುತ್ತಿತ್ತು.

ಕಾಸು ಖರ್ಚಿಲ್ಲದ ಪರೀಕ್ಷೆ ಸ್ಟಾಪ್ ವೈರ್ ಬಿಚ್ಚುವುದು. ಸ್ಟಾಪ್ ಬಟನ್ ಒತ್ತಿದಾಗ ಆಗುವುದಿಷ್ಟೇ: ಸಿಡಿಐಗೆ (ಕರೆಂಟು ಕೂಡಿಟ್ಟು ಕಿಡಿಯ ಹೊತ್ತಿಗೆ ಬಿಡುವ ಪೆಟ್ಟಿಗೆಗೆ) ಹೋಗಬೇಕಾದ ಕರೆಂಟು ಎಂಜಿನ್ನಿನ ಲೋಹದ ಮೈಗೆ ಇಳಿದುಹೋಗುತ್ತದೆ. ಬಟನ್ ಒಳಗೆ ಉಪ್ಪುನೀರು ಕೂತರೆ ಯಾರೂ ಒತ್ತದೆಯೇ ಅದು ಒತ್ತಿದಂತಾಗುತ್ತದೆ. ಸಿಡಿಐ ಹತ್ತಿರ ಆ ವೈರ್ ಬಿಚ್ಚಿ ಹಗ್ಗ ಎಳೆದಾಗ, ಅದುವರೆಗೆ ಬಾರದಿದ್ದ ಕಿಡಿ ಬಂದರೆ ಕೆಟ್ಟಿದ್ದು ಬಟನ್, ಇಲ್ಲವೇ ಅದರ ವೈರ್. ವೈರ್ ಬಿಚ್ಚಿದ ಮೇಲೆ ಎಂಜಿನ್ ಬಟನ್‌ಗೆ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು; ಇದನ್ನು ಮೊದಲೇ ನೆನಪಿಟ್ಟುಕೊಳ್ಳಿ. ನಮ್ಮ ಬಟನ್ ಸರಿಯಿತ್ತು. ಆದರೂ ಐದು ನಿಮಿಷದ ಈ ಕೆಲಸವನ್ನು ನಾನು ಈಗಲೂ ಮೊದಲು ಮಾಡುತ್ತೇನೆ.

ಆಮೇಲೆ ಎಲ್ಲರೂ ಮಾಡುವಂಥದ್ದು: ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹದ ಮೈಗೆ ತಾಗಿಸಿ ಹಗ್ಗ ಎಳೆಯುವುದು. ಅಪ್ಪ ಹೀಗೇ ನೋಡುತ್ತಿದ್ದರು, ನಾನೂ ಹೀಗೇ ಕಲಿತದ್ದು. ಎಂಜಿನ್ ಬಿಸಿಯಲ್ಲಿ ನಿಂತ ತಕ್ಷಣ ನೋಡಿದೆ. ಎರಡೂ ಪ್ಲಗ್ಗಿನಲ್ಲಿ ಕಿಡಿ ಇತ್ತು. ಸರಿ, ಕರೆಂಟಿನದ್ದಲ್ಲ ಎಂದುಕೊಂಡು ಕಿವಿಗೆ ಕೇಳಿಸಿದ್ದನ್ನೂ ಬದಿಗಿಟ್ಟು ಎರಡು ದಿನ ಕಾರ್ಬುರೇಟರ್ ಬಿಚ್ಚಿ ತೊಳೆದೆ. ಎರಡು ದಿನದ ಮೀನು ಹೋಯಿತು.

ಈ ಪರೀಕ್ಷೆಯ ದೋಷ ಏನೆಂದು ಸ್ಪಾರ್ಕ್ ಟೆಸ್ಟರ್ (ಕಿಡಿ ಎಷ್ಟು ಗ್ಯಾಪ್ ದಾಟುತ್ತದೆಂದು ತೋರಿಸುವ ಸಾಧನ) ತಂದ ಮೇಲೆ ಗೊತ್ತಾಯಿತು. ಹೊರಗಿನ ಗಾಳಿಯಲ್ಲಿ ಪ್ಲಗ್ಗಿನ ಪುಟ್ಟ ಗ್ಯಾಪ್ ದಾಟಲು ಸೋತ ಕರೆಂಟೂ ಸಾಕು. ಸಿಲಿಂಡರಿನೊಳಗೆ ಗಾಳಿ ಆರೇಳು ಪಟ್ಟು ಒತ್ತಿಕೊಂಡಿರುತ್ತದೆ, ಅಲ್ಲಿ ಅದೇ ಗ್ಯಾಪ್ ದಾಟಲು ಬಹಳ ಹೆಚ್ಚು ವೋಲ್ಟೇಜ್ ಬೇಕು. ಟೆಸ್ಟರ್‌ನಲ್ಲಿ ತಿರುಪು ತಿರುಗಿಸಿ ಗ್ಯಾಪನ್ನು 10 ಮಿ.ಮೀ.ಗೆ ಇಟ್ಟು ಎಳೆದೆ. ಬೆಳಿಗ್ಗೆ ತಣ್ಣಗಿದ್ದಾಗ ನೀಲಿ ಕಿಡಿ, ಚಟ್ ಚಟ್ ಎಂಬ ಸದ್ದು. ಎಂಜಿನ್ ಕಾದು ನಿಂತಾಗ ನೋಡಿದರೆ ಏನೂ ಇಲ್ಲ. ತಿರುಪು ತಿರುಗಿಸಿ 4 ಮಿ.ಮೀ.ಗೆ ಇಳಿಸಿದ ಮೇಲೆ ಹಳದಿ ಬಣ್ಣದ, ಕೂದಲೆಳೆಯಂಥ ಕಿಡಿ ಬಂತು. ಪ್ಲಗ್ ತೋರಿಸಿದ್ದು ಈ ಕಿಡಿಯನ್ನೇ. ಪ್ಲಗ್ ಹಿಡಿದು ನೋಡುವುದಕ್ಕೂ ಟೆಸ್ಟರ್‌ಗೂ ನಡುವೆ ನನ್ನ ಮಟ್ಟಿಗೆ ಈಗ ಆಯ್ಕೆಯೇ ಇಲ್ಲ. ಅದಲ್ಲದೆ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುವಾಗ ಪಕ್ಕದಲ್ಲೇ ಬೆತ್ತಲೆ ಕಿಡಿ ಹಾರಿಸುವುದು ಅಪಾಯ. ಟೆಸ್ಟರನ್ನು ತೂತಿನಿಂದ ದೂರ ಸಿಕ್ಕಿಸಬಹುದು. ಯಾವುದೇ ಆದರೂ ಎಂಜಿನ್ ಮೈಗೆ ಗಟ್ಟಿಯಾಗಿ ತಾಗಿರಲಿ. ಕೇಬಲ್ ತುದಿ ಗಾಳಿಯಲ್ಲಿ ತೂಗುತ್ತಿರುವಾಗ ಹಗ್ಗ ಎಳೆದರೆ ಸಿಡಿಐ ಸುಟ್ಟೀತು.

(ಪ್ಲಗ್ ವಿಷಯ ಬಂತಾದ್ದರಿಂದ: ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವವರು ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ಬನ್ನಿ. ಇಲ್ಲದಿದ್ದರೆ ಮರುದಿನ ಪ್ಲಗ್ ಒದ್ದೆ, ಹಗ್ಗ ಎಳೆದು ಭುಜ ನೋವು. ಎನ್‌ಜಿಕೆ ಬಿ7ಎಚ್‌ಎಸ್ ಮತ್ತು ಬಿ7ಎಚ್‌ಎಸ್-10 ನೋಡಲು ಒಂದೇ ಥರ. ಕೊನೆಯ 10 ಎಂದರೆ 1 ಮಿ.ಮೀ. ಗ್ಯಾಪ್. ಕೈಪಿಡಿ ಹೇಳಿದ್ದನ್ನೇ ಹಾಕಿ.)

ಮಲ್ಟಿಮೀಟರ್ ಮೇಲೆ ನನಗೆ ತುಂಬಾ ನಂಬಿಕೆಯಿತ್ತು, ಖರ್ಚಿಗೆ ದಾರಿ ಮಾಡಿದ್ದೂ ಅದೇ. ಬಿಸಿ ಎಂಜಿನ್‌ನಲ್ಲಿ ಓಮ್ (ತಂತಿಯ ರೋಧ) ಅಳೆದಾಗ ಒಂದು ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಸುರುಳಿ) ಕೈಪಿಡಿಯ ಮಿತಿ ದಾಟಿತ್ತು. ಸಿಕ್ಕಿತು ಎಂದು ಹೊಸ ಕಾಯಿಲ್ ತಂದು ಹಾಕಿದೆ. ಎಂಜಿನ್ ಮತ್ತೆ ಇಪ್ಪತ್ತೇ ನಿಮಿಷಕ್ಕೆ ನಿಂತಿತು. ಕೈಪಿಡಿಯ ಅಂಕಿ 20 ಡಿಗ್ರಿಗೆ ಕೊಟ್ಟದ್ದು. ತಾಮ್ರದ ತಂತಿಯ ರೋಧ ಒಂದೊಂದು ಡಿಗ್ರಿಗೂ ಶೇ. 0.4ರಷ್ಟು ಏರುತ್ತದೆ, 60 ಡಿಗ್ರಿಗೆ ಕಾದ ಒಳ್ಳೆಯ ಕಾಯಿಲೂ ಶೇ. 16ರಷ್ಟು ಹೆಚ್ಚೇ ತೋರಿಸುತ್ತದೆ. ಇನ್ನೊಂದು ಕಡೆ, ಒಳಗಿನ ಇನ್ಸುಲೇಷನ್ ಸೋತಿದ್ದರೆ ಅದು ಮೀಟರಿನ ಪುಟ್ಟ ಬ್ಯಾಟರಿಗೆ ಕಾಣಿಸುವುದೇ ಇಲ್ಲ, ನೂರಾರು ವೋಲ್ಟ್ ಹರಿದಾಗಲೇ ಸೋರುವುದು. ತಂತಿ ಪೂರ್ತಿ ಕಡಿದದ್ದನ್ನು ಹುಡುಕಲು ಓಮ್ ಮೀಟರ್ ಒಳ್ಳೆಯದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು.

ಕಾಯಿಲ್ ತರುವ ಮುಂಚೆ ಅದಲುಬದಲು ಮಾಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ನಮ್ಮದರಲ್ಲಿ ಸಿಲಿಂಡರಿಗೊಂದು ಕಾಯಿಲ್. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದಾಗ ತೊಂದರೆಯೂ ಜೊತೆಗೆ ಹೋದರೆ ಕಾಯಿಲೇ ಕಳ್ಳ. ನಮ್ಮದರಲ್ಲಿ ಎರಡೂ ಕಡೆ ಕಿಡಿ ಒಂದೇ ಸಮ ಸೋಲುತ್ತಿತ್ತು. ಹಾಗಾದರೆ ತಪ್ಪು ಎರಡಕ್ಕೂ ಹಿಂದಿನ ಜಾಗದಲ್ಲಿ: ಸಿಡಿಐ, ಇಲ್ಲವೇ ಫ್ಲೈವೀಲ್ (ಹಗ್ಗ ಎಳೆದಾಗ ತಿರುಗುವ ಚಕ್ರ) ಅಡಿಯಲ್ಲಿ ಕೂತು ಸಿಡಿಐಗೆ ಕರೆಂಟು ಹುಟ್ಟಿಸುವ ಚಾರ್ಜ್ ಕಾಯಿಲ್.

ಕೊನೆಗೆ ಉತ್ತರ ಕೊಟ್ಟದ್ದು ಪೀಕ್ ವೋಲ್ಟೇಜ್ ಅಡಾಪ್ಟರ್. ಚಾರ್ಜ್ ಕಾಯಿಲ್‌ನಿಂದ ಬರುವುದು ಕ್ಷಣಮಾತ್ರದ ಹೊಡೆತ, ಸಾದಾ ಮೀಟರ್ ಅದರ ತುದಿಯನ್ನು ಹಿಡಿಯಲಾರದು. ಅಡಾಪ್ಟರ್ ಆ ತುದಿಯನ್ನು ಹಿಡಿದಿಟ್ಟು ಮೀಟರಿಗೆ ತೋರಿಸುತ್ತದೆ. ದಡದಲ್ಲಿ ದೋಣಿ ಕಟ್ಟಿ, ನಿಲ್ಲುವವರೆಗೆ ಎಂಜಿನ್ ಓಡಿಸಿ, ಸಿಡಿಐ ಕಳಚಿ, ಹಗ್ಗ ಎಳೆದು ಅಳೆದೆ. ತಣ್ಣಗೆ 190 ವೋಲ್ಟ್ ಕೊಟ್ಟದ್ದು ಬಿಸಿಯಲ್ಲಿ 70 ಕೊಟ್ಟಿತು. ಸಿಡಿಐ ಕಳಚಿದರೂ ಕಡಿಮೆಯೇ ಬಂತೆಂದರೆ ಸಿಡಿಐ ತಪ್ಪಲ್ಲ. ಫ್ಲೈವೀಲ್ ತೆಗೆದು ನೋಡಿದರೆ ಚಾರ್ಜ್ ಕಾಯಿಲ್‌ನ ಎರಕದಲ್ಲಿ ಉಗುರು ಸಿಕ್ಕುವಷ್ಟು ಬಿರುಕು, ಅಂಚಿನಲ್ಲಿ ಹಸಿರು ಕಿಲುಬು. ಕಾಯಿಲ್ ಬದಲಾಯಿಸಿದೆ, ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಕೀ ಸವೆದಿಲ್ಲವೆಂದು ನೋಡಿಯೇ ಮುಚ್ಚಿದೆ. ಆ ಕೀ ಕತ್ತರಿಸಿದರೆ ಕಿಡಿ ಎಷ್ಟು ಚೆನ್ನಾಗಿದ್ದರೂ ಬರಬೇಕಾದ ಹೊತ್ತಿಗೆ ಬರುವುದಿಲ್ಲ.

ಅಡಾಪ್ಟರ್ ಅಲುಗಾಡುವ ದೋಣಿಯಲ್ಲಿ ಬಳಸುವ ವಸ್ತುವಲ್ಲ, ಮನೆಯ ಕಪಾಟಿನಲ್ಲಿದೆ. ಕೇರಿಯಲ್ಲಿ ನಾಲ್ಕೈದು ದೋಣಿಯವರು ಸೇರಿ ಒಂದು ಕೊಂಡರೆ ಸಾಕು. ದೋಣಿಯ ಡಬ್ಬಿಯಲ್ಲಿ ಟೆಸ್ಟರ್, ಎರಡು ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್ ಇವೆ. ಟೆಸ್ಟರ್‌ನ ತಿರುಪು 10 ಮಿ.ಮೀ.ಗೇ ನಿಂತಿದೆ, ಅಳಿವೆ ದಾಟುವ ದಿನ ಬೆಳಿಗ್ಗೆ ದಡದಲ್ಲೇ ಒಮ್ಮೆ ಎಳೆದು ನೋಡುತ್ತೇನೆ.